ಸತ್ತ ದುಂಬಿಗಳನ್ನು ಕುಣಿಸಿದವನು

ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸೂಜಿ ಚುಚ್ಚಿಟ್ಟ ಕೀಟಗಳನ್ನು ನಾವೆಲ್ಲ ನೋಡಿದ್ದೇವೆ. ಹೆಸರು ಬರೆದುಕೊಂಡು, ಚಿತ್ರ ಬಿಡಿಸಿ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡರೆ ನಮ್ಮ ಕೆಲಸ ಮುಗಿಯಿತು. ಅಂಥ ಕೀಟಗಳಿಂದಲೇ ಸಿನಿಮಾ ಮಾಡಿದ ಒಬ್ಬರ ಬಗ್ಗೆ ಈ ಸಲ ಬರೆಯುತ್ತಿದ್ದೇನೆ. 'ಕೊರಲೈನ್', 'ಕಾರ್ಪ್ಸ್ ಬ್ರೈಡ್'ನಂಥ ಮೈ ಜುಮ್ಮೆನಿಸುವ ಬೊಂಬೆ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಆ ಮನೆತನದ ಮುತ್ತಜ್ಜ ಎಂದರೆ ಲಾಡಿಸ್ಲಾಸ್ ಸ್ಟಾರೆವಿಚ್.

ಅವರು 1882ರಲ್ಲಿ ಮಾಸ್ಕೋದಲ್ಲಿ ಪೋಲಿಷ್ ಕುಟುಂಬದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡದ್ದರಿಂದ ಬೆಳೆದದ್ದು ಈಗಿನ ಲಿಥುವೇನಿಯಾದ ಕೌನಾಸ್ ಊರಿನಲ್ಲಿ, ತಾಯಿಯ ಕಡೆಯವರ ಮನೆಯಲ್ಲಿ. ಬಾಲ್ಯದಿಂದಲೂ ಕೀಟಗಳ ಹುಚ್ಚು. ಮುಂದೆ ಅದೇ ಊರಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದ ಹೊಣೆ ಅವರಿಗೆ ಬಂತು.

1910ರ ಸುಮಾರಿಗೆ ಅವರಿಗೊಂದು ಆಸೆ. ಜಿಂಕೆಯ ಕೋಡಿನಂತೆ ದವಡೆಯಿರುವ ಎರಡು ಗಂಡು ದುಂಬಿಗಳು ಕಾದಾಡುವುದನ್ನು ಚಿತ್ರೀಕರಿಸಬೇಕು ಎಂದು. ಆದರೆ ಅವು ಕತ್ತಲಲ್ಲಿ ಓಡಾಡುವ ಜೀವಿಗಳು. ದೀಪ ಹಚ್ಚಿದ ಕೂಡಲೇ ಕಾದಾಟ ನಿಂತುಹೋಗುತ್ತಿತ್ತು. ದೀಪವಿಲ್ಲದೆ ಚಿತ್ರ ಬರುವುದಿಲ್ಲ, ದೀಪವಿದ್ದರೆ ದುಂಬಿ ಕದಲುವುದಿಲ್ಲ. (ನಮ್ಮ ವಿದ್ಯಾಗಿರಿಯ ದುಂಬಿಗಳಿಗೆ ಈ ಸಂಕೋಚವಿಲ್ಲ, ಮೊದಲ ಮಳೆಯ ರಾತ್ರಿ ಬೀದಿದೀಪಕ್ಕೆ ಮುಗಿಬೀಳುತ್ತವೆ.) ಬೇರೆ ಯಾರಾದರೂ ಆಗಿದ್ದರೆ ಕ್ಯಾಮೆರಾ ಮಡಚಿ ಮನೆಗೆ ಹೋಗುತ್ತಿದ್ದರು. ಸ್ಟಾರೆವಿಚ್ ಸತ್ತ ದುಂಬಿಗಳನ್ನು ತೆಗೆದುಕೊಂಡು, ಕಾಲುಗಳ ಜಾಗದಲ್ಲಿ ಸಣ್ಣ ತಂತಿ ಇಟ್ಟು, ಅರಗಿನಿಂದ ಮೈಗೆ ಅಂಟಿಸಿದರು. ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ಚಿತ್ರ. ಆ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿದಾಗ ಸತ್ತವು ಕಾದಾಡಿದವು.

ನಮ್ಮ ಕಡೆಯ ತೊಗಲುಗೊಂಬೆಯಾಟದಲ್ಲಿ ಕಲಾವಿದನ ಕೈ ಪರದೆಯ ಹಿಂದೆ ಆಡುತ್ತಿರುವಾಗಲೇ ನಾವು ಆಟ ನೋಡುತ್ತೇವೆ. ಇಲ್ಲಿ ಹಾಗಲ್ಲ. ಕೈ ಆಡುವಾಗ ಕ್ಯಾಮೆರಾ ಕಣ್ಣು ಮುಚ್ಚಿರುತ್ತದೆ, ಕೈ ಹಿಂದೆ ಸರಿದ ಮೇಲೆ ಕಣ್ಣು ತೆರೆಯುತ್ತದೆ. ಮಾತು ಬಂದ ಮೇಲಿನ ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು, ಅಂದರೆ ಒಂದು ನಿಮಿಷಕ್ಕೆ 1,440. ಅದೇ ವರ್ಷಗಳಲ್ಲಿ ನಮ್ಮ ದಾದಾಸಾಹೇಬ್ ಫಾಲ್ಕೆಯವರೂ ಬಟಾಣಿ ಕಾಳು ಗಿಡವಾಗುವುದನ್ನು ದಿನಕ್ಕೆ ಒಂದೊಂದೇ ಚೌಕಟ್ಟು ತೆಗೆದು ತೋರಿಸಿದ್ದರು. ಆದರೆ ಬಟಾಣಿ ತಾನಾಗಿ ಬೆಳೆಯುತ್ತಿತ್ತು. ಸ್ಟಾರೆವಿಚ್ ಅವರ ದುಂಬಿ ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ.

1911ರ ಸುಮಾರಿಗೆ ಅವರು ಮಾಸ್ಕೋದಲ್ಲಿ ಖಾನ್ಜೊಂಕೊವ್ ಅವರ ಚಿತ್ರ ಕಂಪನಿ ಸೇರಿದರು. 1912ರ 'ಕ್ಯಾಮೆರಾಮನ್‌ನ ಸೇಡು' ಚಿತ್ರದಲ್ಲಿ ದುಂಬಿ ಗಂಡ-ಹೆಂಡತಿ ಇಬ್ಬರೂ ಪರಸ್ಪರ ಮೋಸ ಮಾಡುತ್ತಾರೆ. ಒಂದು ಮಿಡತೆ ಗಂಡನ ಗುಟ್ಟನ್ನು ಬೀಗದ ಕಿಂಡಿಯಿಂದ ಚಿತ್ರೀಕರಿಸಿ, ಊರ ಮುಂದೆ ಪರದೆಯ ಮೇಲೆ ಓಡಿಸಿಬಿಡುತ್ತದೆ. ಕೊನೆಗೆ ಗಂಡ-ಹೆಂಡತಿ ಇಬ್ಬರೂ ಜೈಲಿನಲ್ಲಿ. ಇನ್ನೊಬ್ಬರ ಖಾಸಗಿ ವಿಡಿಯೊ ವಾಟ್ಸ್ಆ್ಯಪಿನಲ್ಲಿ ಹರಿಬಿಡುವ ಈ ಕಾಲಕ್ಕೆ ಅದು ಹಳೆಯ ಕಥೆ ಎನಿಸುವುದೇ ಇಲ್ಲ. ಆಗಿನ ಕೆಲವು ಪ್ರೇಕ್ಷಕರು ಇವು ತರಬೇತಿ ಪಡೆದ ಜೀವಂತ ಕೀಟಗಳೆಂದೇ ನಂಬಿದ್ದರಂತೆ.

ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟರು. ಇಟಲಿ ದಾಟಿ ಫ್ರಾನ್ಸ್ ಸೇರಿ, ಪ್ಯಾರಿಸ್ ಪಕ್ಕದ ಫಾಂಟನೆ-ಸು-ಬುಆ ಎಂಬಲ್ಲಿ ಮನೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಹೆಂಡತಿ ಬೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದರು. ಮಗಳು ಐರೀನ್ ಕೊನೆಯವರೆಗೂ ಅವರ ಬಲಗೈ. 1922ರಲ್ಲಿ ಮಾಡಿದ್ದು ರಾಜ ಬೇಕೆಂದು ಹಟ ಹಿಡಿದ ಕಪ್ಪೆಗಳ ಕಥೆ: ದೇವತೆ ಕೊಕ್ಕರೆಯನ್ನು ರಾಜನಾಗಿ ಕಳಿಸುತ್ತದೆ, ಅದು ಪ್ರಜೆಗಳನ್ನೇ ನುಂಗುತ್ತದೆ. ಊರು ಬಿಟ್ಟು ಬಂದವರು ಆ ಕಥೆಯನ್ನೇ ಏಕೆ ಆರಿಸಿಕೊಂಡರು ಎಂದು ಊಹಿಸುವುದು ಕಷ್ಟವಲ್ಲ.

ನನಗೆ ಹೆಚ್ಚು ಹಿಡಿಸಿದ್ದು 1933ರ 'ಮ್ಯಾಸ್ಕಾಟ್'. ಬಡ ತಾಯಿಯೊಬ್ಬಳು ಬಟ್ಟೆಯ ಗೊಂಬೆ ಹೊಲಿದು ಬದುಕುತ್ತಾಳೆ. ಕಾಯಿಲೆ ಬಿದ್ದ ಮಗಳು ಕಿತ್ತಳೆ ಹಣ್ಣು ಕೇಳುತ್ತಾಳೆ, ಕೊಳ್ಳಲು ಕಾಸಿಲ್ಲ. ತಾಯಿಯ ಕಣ್ಣೀರ ಹನಿಯೊಂದು ಅವಳು ಹೊಲಿಯುತ್ತಿದ್ದ ನಾಯಿಗೊಂಬೆಯೊಳಗೆ ಬಿದ್ದು ಅದರ ಹೃದಯವಾಗುತ್ತದೆ. ಮಾರಾಟಕ್ಕೆ ಹೋದ ಆ ನಾಯಿ ಹೇಗೋ ಒಂದು ಕಿತ್ತಳೆ ಸಂಪಾದಿಸಿ ಮನೆಗೆ ಹೊರಡುತ್ತದೆ. ದಾರಿಯಲ್ಲಿ ಸೈತಾನನ ಕೂಟ. ತಿಂದು ಬಿಸಾಡಿದ ಮೀನಿನ ಮುಳ್ಳು, ಕೋಳಿಯ ಎಲುಬು, ಹುಲ್ಲು, ಹರಿದ ಕಾಗದ ಎಲ್ಲವೂ ಎದ್ದು ಬಂದು ಕುಣಿಯುತ್ತವೆ. ಎಲ್ಲರಿಗೂ ಆ ಕಿತ್ತಳೆ ಬೇಕು. ಈ ದೃಶ್ಯ ಭಯ ಹುಟ್ಟಿಸುತ್ತದೆ ನಿಜ. ಆದರೆ ನನಗೆ ಎದೆ ಹಿಂಡಿದ್ದು ಎಲುಬಿನ ಕುಣಿತವಲ್ಲ, ಒಂದು ಹಣ್ಣಿಗೂ ಗತಿಯಿಲ್ಲದ ಆ ಕೋಣೆ. ಈಚಿನ ಎಷ್ಟೋ ಹೆದರಿಸುವ ಚಿತ್ರಗಳಲ್ಲಿ ಭೂತವಿದೆ, ಆ ಕೋಣೆ ಇಲ್ಲ.

'ನರಿಯ ಕಥೆ' ಅವರ ಪೂರ್ಣಪ್ರಮಾಣದ ಚಿತ್ರ. ಹದಿನೆಂಟು ತಿಂಗಳು ಬೊಂಬೆ ಸರಿಸಿ ಮುಗಿಸಿದ್ದು ಒಂದು ಗಂಟೆ ಚಿಲ್ಲರೆ ಚಿತ್ರ. ಧ್ವನಿಯ ತೊಡಕಿನಿಂದ ವರ್ಷಗಟ್ಟಲೆ ಬಿದ್ದಿದ್ದು, 1937ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲು ತೆರೆಕಂಡಿತು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಜೀವಿಗಳ ಚಿತ್ರ ಇರುವುದಿಲ್ಲ. ಜೀವ ಕೊಡುವುದು ಅಲ್ಲಾಹನ ಕೆಲಸವೆಂದು ಕೇಳುತ್ತ ಬೆಳೆದವಳು ನಾನು. ಹಾಗಾಗಿ ಈ ಲೇಖನ ಬರೆಯಲೋ ಬೇಡವೋ ಎಂದು ನನಗೂ ಅಳುಕಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆ ಚಿತ್ರಗಳನ್ನು ನೋಡಿದ ಮೇಲೆ ನನ್ನ ಮನಸ್ಸು ಹೋದದ್ದು ಸ್ಟಾರೆವಿಚ್ ಅವರ ದುಂಬಿಯ ಕಡೆಗಲ್ಲ, ನಿಜವಾದ ದುಂಬಿಯ ಕಡೆಗೆ. ಅದು ಒಂದು ಕಾಲು ಎತ್ತಿಡುವುದನ್ನು ಬರೀ ಅನುಕರಿಸುವುದಕ್ಕೆ ಮನುಷ್ಯನಿಗೆ ತಂತಿ, ಅರಗು, ದೀಪ ಮತ್ತು ಅರ್ಧ ದಿನ ಬೇಕು. ಅಬ್ಬಾಗೆ ಇಷ್ಟು ಹೇಳಿದೆ. ಬರೆ ಎಂದರು.

1965ರ ಫೆಬ್ರವರಿಯಲ್ಲಿ, 82ನೆಯ ವಯಸ್ಸಿನಲ್ಲಿ, ಸ್ಟಾರೆವಿಚ್ ತೀರಿಕೊಂಡರು. ಆಗ ನಾಯಿ ಮತ್ತು ಬೆಕ್ಕಿನ ಬಗ್ಗೆ ಒಂದು ಚಿತ್ರದ ಕೆಲಸ ನಡೆದಿತ್ತು. ಆ ಬೊಂಬೆಗಳನ್ನು ಮುಂದೆ ಯಾರೂ ಸರಿಸಲಿಲ್ಲ.