ಬಸ್ರೂರು, ಬಾರ್ಕೂರು ಕಂಡ ಇಬ್ನ್ ಬತೂತ: ಕೊನೆಗೂ ಕೈಹಿಡಿದದ್ದು ಓದು

ಕುಂದಾಪುರ: ಮೊರಾಕೊ ದೇಶದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ಹಜ್ ಯಾತ್ರೆಗೆಂದು ಮನೆ ಬಿಟ್ಟಾಗ ವಯಸ್ಸು 21. ದಾರಿಯಲ್ಲಿ, 1326ರಲ್ಲಿ ಡಮಾಸ್ಕಸ್‌ನ ದೊಡ್ಡ ಮಸೀದಿಯಲ್ಲಿ ಪಾಠಕ್ಕೆ ಕೂತ. ಅರಬ್ಬಿ ಗ್ರಂಥ ಓದಿಸುವ ಗುರುಗಳಿಂದ ಇಜಾಜತ್ ಪಡೆದ. ಅಂದರೆ ಆ ಪಾಠ ಬೇರೆಯವರಿಗೆ ಹೇಳಿಕೊಡಬಹುದು ಎಂಬ ಅನುಮತಿ, ಈಗಿನ ಸರ್ಟಿಫಿಕೇಟ್ ಇದ್ದ ಹಾಗೆ. ಮುಂದೆ ಮೆಕ್ಕಾದಲ್ಲೂ ಉಳಿದು ಓದಿದ.

ಆ ಓದಿಗೆ ದಿಲ್ಲಿಯಲ್ಲಿ ಬೆಲೆ ಬಂತು. ಮಹಮ್ಮದ್ ಬಿನ್ ತುಘಲಕ್ ಅವನನ್ನು ಖಾಜಿ, ಅಂದರೆ ನ್ಯಾಯಾಧೀಶ ಮಾಡಿದ. ಆಮೇಲೆ ರಾಯಭಾರಿಯಾಗಿ ಚೀನಾಕ್ಕೆ ಹೊರಡಿಸಿದ. 1342ರ ಸುಮಾರಿಗೆ ಹೊನ್ನಾವರದಿಂದ ಹೊರಟ ಹಡಗು ಬೈಂದೂರು ಕಡಲು ದಾಟಿ ಈ ಕಡೆ ಬಂತು. ಬಸ್ರೂರಿನ ತೆಂಗು, ಬಾರ್ಕೂರಿನ ಕಬ್ಬು, ಅಲ್ಲಿನ ಅರಸನ 30ರಷ್ಟು ಯುದ್ಧಹಡಗು ಎಲ್ಲ ಕಂಡ. ಅರಸ ಮೂರು ದಿನ ಊಟ ಉಪಚಾರ ಮಾಡಿಸಿದ.

ಕಲ್ಲಿಕೋಟೆಯಲ್ಲಿ ಗ್ರಹಚಾರ ಕೆಟ್ಟಿತು. ಬಿರುಗಾಳಿಗೆ ಉಡುಗೊರೆಯ ಹಡಗು ಒಡೆಯಿತು, ಅವನ ಸಾಮಾನಿದ್ದ ಇನ್ನೊಂದು ಹಡಗು ಅವನನ್ನು ಬಿಟ್ಟೇ ಹೋಯಿತು. ಉಳಿದದ್ದು 10 ದಿನಾರ್, ಒಂದು ಹಾಸು. ಆದರೆ ಕಲಿತದ್ದು ಮುಳುಗಲಿಲ್ಲ. ಮಾಲ್ಡೀವ್ಸ್‌ಗೆ ಹೋದವನಿಗೆ ಅಲ್ಲಿ ಮತ್ತೆ ಖಾಜಿ ಕೆಲಸ ಸಿಕ್ಕಿತು.

ಊರಿಗೆ ಮರಳಿದ ಮೇಲೆ ಹೇಳಿ ಬರೆಸಿದ ಪ್ರವಾಸ ಕಥನ 1355ರಲ್ಲಿ ಮುಗಿಯಿತು. ಆ ಅರಬ್ಬಿ ಪುಸ್ತಕದ ಅಬೂ ಸರೂರ್ ಅಂದರೆ ಬಸ್ರೂರು, ಫಾಕನೂರ್ ಅಂದರೆ ಬಾರ್ಕೂರು.