ಥಾಮಸ್ ಜೆಫರ್ಸನರ ಮನೆಯ ಬೀರು

ಅಮೇರಿಕೆಯ ಸ್ವಾತಂತ್ರ್ಯ ಘೋಷಣೆಯನ್ನು 1776ರಲ್ಲಿ ಬರೆದವರು, 1801ರಿಂದ 1809ರ ತನಕ ಆ ದೇಶದ ಮೂರನೆಯ ಅಧ್ಯಕ್ಷರಾಗಿದ್ದವರು ಥಾಮಸ್ ಜೆಫರ್ಸನ್. ಇಷ್ಟನ್ನು ನಾವು ಹೈಸ್ಕೂಲಿನ ಮಕ್ಕಳಿಗೆ ಹೇಳಿಕೊಡುತ್ತೇವೆ. ಅವರ ಮನೆಯ ಪೀಪಾಯಿಗಳಲ್ಲಿ ಏನಿತ್ತೆಂಬ ವಿಷಯ ತರಗತಿಯಲ್ಲಿ ಬರುವುದಿಲ್ಲ.

1743ರ ಎಪ್ರಿಲ್ 13ರಂದು ವರ್ಜೀನಿಯಾದಲ್ಲಿ ಜನಿಸಿದ ಜೆಫರ್ಸನರು 1772ರ ಹೊಸವರ್ಷದ ದಿನ ಮಾರ್ತಾರನ್ನು ವರಿಸಿ, ಮಾಂಟಿಚೆಲೊ ಗುಡ್ಡದ ಮೇಲೆ ಸಂಸಾರ ಹೂಡಿದರು. ಮೊದಲ ವರ್ಷವೇ ಮಾರ್ತಾ ಹದಿನೈದು ದಿನಕ್ಕೊಮ್ಮೆಯೆಂಬಂತೆ 15 ಗ್ಯಾಲನಿನ, ಎಂದರೆ ಸುಮಾರು 57 ಲೀಟರಿನ, ಒಂದೊಂದು ಪೀಪಾಯಿ ಬೀರು ಮಾಡಿಸುತ್ತಿದ್ದರು. ಅಮಲು ಕಡಿಮೆಯ, ಊಟದ ಜೊತೆಗಿನ ಪಾನೀಯವದು.

ಬೀರಿಗೆ ಕಹಿಯನ್ನೂ ಬಾಳಿಕೆಯನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು. ನಮ್ಮಲ್ಲಿ ಒಳ್ಳೆಮೆಣಸಿನ ಬಳ್ಳಿ ಮರವನ್ನು ತಬ್ಬಿದರೆ, ಅದು ನೆಟ್ಟ ಗಳುವನ್ನು ಸುತ್ತಿ ಏರುತ್ತದೆ. ಹೆಣ್ಣು ಬಳ್ಳಿಯ ಹೂವಷ್ಟೇ ಬೇಕು. ಕೊಯ್ದ ಹೂವಿನ ಐದರಲ್ಲಿ ನಾಲ್ಕು ಪಾಲು ನೀರು. ರಾಶಿ ಹಾಕಿದರೆ ಬಿಸಿಯೇರಿ ಕೆಡುತ್ತದೆ. ತೆಳ್ಳಗೆ ಹರವಿ, ಗಾಳಿಯಾಡುವ ಕಡೆ ಹದವಾದ ಶಾಖದಲ್ಲಿ ಒಣಗಿಸಬೇಕು. ಶಾಖ ಹೆಚ್ಚಾದರೆ ಪರಿಮಳ ಹಾರಿಹೋಗುತ್ತದೆ. ಹೂವಿನ ನಡುವಣ ದಂಟು ಬಾಗದೆ ಲಟ್ಟನೆ ಮುರಿದರೆ ಒಣಗಿದೆಯೆಂದು ಲೆಕ್ಕ. ಹಳೆಯ ಅಂಗಿಯೊಂದನ್ನು ಕೊಟ್ಟು 7 ಪೌಂಡ್ ಹಾಪ್ಸ್ ಪಡೆದುದನ್ನು ಮಾರ್ತಾ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಮನೆಯ ಗುಲಾಮರು ಬೆಳೆದ ಹಾಪ್ಸನ್ನು ಯಜಮಾನರು ಕ್ರಯಕ್ಕೆ ಕೊಳ್ಳುತ್ತಿದ್ದುದೂ ಉಂಟು.

ಮಾರ್ತಾ 1782ರಲ್ಲಿ ತೀರಿಕೊಂಡರು. ಅಧ್ಯಕ್ಷಗಿರಿ ಮುಗಿಸಿ ಜೆಫರ್ಸನರು ಊರು ಸೇರಿದ ಮೇಲೆ, 1812ರಲ್ಲಿ ಆರಂಭವಾದ ಯುದ್ಧದ ದೆಸೆಯಿಂದ ಜೋಸೆಫ್ ಮಿಲ್ಲರ್ ಎಂಬ ಇಂಗ್ಲಿಷ್ ಬೀರುಗಾರ ಆ ಸೀಮೆಯಲ್ಲೇ ಉಳಿಯಬೇಕಾಯಿತು. 1813ರಲ್ಲಿ ಆತನಿಂದ ಕೆಲಸ ಕಲಿಯಲು ಜೆಫರ್ಸನರು ನೇಮಿಸಿದ್ದು ಪೀಟರ್ ಹೆಮಿಂಗ್ಸ್ ಎಂಬ ಗುಲಾಮರನ್ನು. ಪೀಟರ್ 1770ರಲ್ಲಿ ಹುಟ್ಟಿದವರು. ಹೆಮಿಂಗ್ಸ್ ಮನೆತನದವರ ಹೇಳಿಕೆಯಂತೆ ಅವರು ಮಾರ್ತಾರ ತಂದೆಯದೇ ಮಗ, ಎಂದರೆ ಯಜಮಾನಿತಿಗೆ ಮಲತಮ್ಮ! ಅಣ್ಣ ಜೇಮ್ಸ್ 1796ರಲ್ಲಿ ಬಿಡುಗಡೆ ಪಡೆದದ್ದು ಪೀಟರಿಗೆ ಫ್ರೆಂಚ್ ಅಡಿಗೆ ಕಲಿಸಿಕೊಟ್ಟ ಮೇಲೆ, ಶರತ್ತೇ ಹಾಗಿತ್ತು. ಕಲಿತ ತಮ್ಮ ಗುಲಾಮರಾಗಿಯೇ ಉಳಿದರು.

ಅಲ್ಲಿ ಬಾರ್ಲಿ ಬೆಳೆಯುತ್ತಿರಲಿಲ್ಲವಾಗಿ ಗೋಧಿಯನ್ನೇ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬಳಸಿದರು. ರಾಗಿಯನ್ನು ಮೊಳಕೆ ಬರಿಸುವ ನಮ್ಮ ಮನೆಗಳಿಗೆ ಈ ಕ್ರಮ ಹೊಸತಲ್ಲ. ಹದ ತಪ್ಪಿದರೆ ಎಲ್ಲವೂ ಹಾಳು. ಪೀಟರ್ ಆ ಹದವನ್ನು ಬೇಗನೆ ಹಿಡಿದರು. ಶರತ್ಕಾಲದಲ್ಲಿ ಬೀರು ಇಳಿಸುವ ಹೊಣೆ ಅವರ ಪಾಲಿಗೆ ಬಂತು. ರುಚಿ ಕಂಡ ದೊಡ್ಡವರೊಬ್ಬರು ಮಾಡುವ ಕ್ರಮವನ್ನು ಬರೆದು ಕಳುಹಿಸುವಂತೆ ಕೇಳಿದಾಗ, ಅಂಥ ಬರಹ ತಮ್ಮಲ್ಲಿಲ್ಲವೆಂದು ಜೆಫರ್ಸನರು ಉತ್ತರಿಸಿದರು. ಇದ್ದದ್ದು ಪೀಟರರ ಕೈಯಲ್ಲಿ. 1820ರಲ್ಲಿ ಗೆಳೆಯ ಜೇಮ್ಸ್ ಮ್ಯಾಡಿಸನರಿಗೆ ಕಾಗದ ಬರೆದು, ಆಳನ್ನು ಕಳುಹಿಸಿದರೆ ಪೀಟರ್ ಕಲಿಸಿಕೊಡುವರೆಂದೂ ತಿಳಿಸಿದರು. ಮನುಷ್ಯರ ಸಮಾನತೆಯನ್ನು ಲೋಕಕ್ಕೆ ಸಾರಿದ ಈ ಲೇಖಕರು ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು ಎಂಬುದನ್ನೂ ಮಕ್ಕಳಿಗೆ ಹೇಳಬೇಕೆಂದು ನಮ್ಮ ಅಭಿಮತ.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನರು ನಿಧನರಾದರು. ಉಯಿಲಿನಲ್ಲಿ ಐವರಿಗೆ ಬಿಡುಗಡೆಯಿತ್ತು, ಪೀಟರರ ಹೆಸರಿರಲಿಲ್ಲ. ಸಾಲ ತೀರಿಸಲು 1827ರ ಜನವರಿಯಲ್ಲಿ ನಡೆದ ಏಲಂನಲ್ಲಿ, 56ರ ಪೀಟರರನ್ನು ಅವರ ಬಂಧು ಡೇನಿಯಲ್ ಫಾರ್ಲಿ 1 ಡಾಲರಿಗೆ ಕೊಂಡರು. ಆ ಬಳಿಕ ಪೀಟರ್ ಹೊಲಿಗೆ ಕೆಲಸ ಮಾಡಿಕೊಂಡು ಸ್ವತಂತ್ರರಾಗಿ ಬಾಳಿದರು.