ಸಭಾಧ್ಯಕ್ಷರ ಪೀಠದಲ್ಲಿ ಗುಂಡ್ಲುಪೇಟೆಯ ನಾಗರತ್ನಮ್ಮ

ಪ್ರತಿ ನವೆಂಬರಿನಲ್ಲಿ ನಾವು ಇಲ್ಲಿ ರಾಜ್ಯೋತ್ಸವ ಆಚರಿಸುತ್ತೇವೆ, ದೇವರಾಜ ಅರಸರನ್ನು ನೆನೆಯುತ್ತೇವೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯವನ್ನು 1972ರಲ್ಲಿ ವಿಧಾನಸಭೆ ಅಂಗೀಕರಿಸಿದಾಗ ಸಭಾಧ್ಯಕ್ಷರಾಗಿದ್ದವರು ಒಬ್ಬ ಮಹಿಳೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರೇ ಕೆ. ಎಸ್. ನಾಗರತ್ನಮ್ಮನವರು.

1957ರಲ್ಲಿ ಗುಂಡ್ಲುಪೇಟೆಯಿಂದ ಅವರು ಮೊದಲ ಬಾರಿಗೆ ಆರಿಸಿ ಬಂದರು. (ಮೈಸೂರಿನಿಂದ ಬಂಡೀಪುರದ ದಾರಿಯಲ್ಲಿ ಊಟಿಗೆ ಹೋದವರೆಲ್ಲ ಆ ಊರನ್ನು ದಾಟಿಯೇ ಹೋಗಿರುತ್ತೇವೆ!) 1972ರ ಮಾರ್ಚಿನಲ್ಲಿ ಸಭಾಧ್ಯಕ್ಷರಾದರು. ನಮ್ಮ ರಾಜ್ಯದಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಅವರು. ದೇಶದಲ್ಲಿ ಮೊದಲಿಗರು ಹರಿಯಾಣದ ಶನ್ನೋ ದೇವಿ; ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳು. ನಾಗರತ್ನಮ್ಮನವರು 1978ರವರೆಗೆ, ಸುಮಾರು ಆರು ವರ್ಷ ಅಲ್ಲಿದ್ದರು.

ಅದೇನೂ ಸುಲಭದ ಕಾಲವಲ್ಲ. ಉಳುವವನೇ ಹೊಲದೊಡೆಯನೆಂದ ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಗೇಣಿದಾರರಿಗೆ ಹಬ್ಬ, ಜಮೀನ್ದಾರರಿಗೆ ಸಂಕಟ. ನಮ್ಮ ಕೆಲವರ ಮನೆಗಳಲ್ಲಿ ಇಂದಿಗೂ ಆ ಮಾತು ಬಂದರೆ ವಾದವೇ! ಮುಂದೆ ತುರ್ತುಪರಿಸ್ಥಿತಿ ಬೇರೆ. ಸಭಾಧ್ಯಕ್ಷರು ಯಾವ ಪಕ್ಷದಿಂದ ಗೆದ್ದು ಬಂದಿದ್ದರೂ ಎರಡೂ ಕಡೆಯವರಿಗೆ ಮಾತಿಗೆ ಅವಕಾಶ ಕೊಡಬೇಕು, ಮತಗಳು ಸಮವಾದರೆ ಮಾತ್ರ ತಮ್ಮ ಮತ ಹಾಕಬೇಕು.

ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಆಮೇಲಿನ ಬದುಕು. ಪೀಠದಿಂದ ಇಳಿದವರು ಮನೆಯಲ್ಲಿ ಕೂರಲಿಲ್ಲ. 1983, 1985, 1989ರಲ್ಲಿ ಮತ್ತೆ ಗುಂಡ್ಲುಪೇಟೆಯಿಂದಲೇ ಗೆದ್ದರು. ಒಟ್ಟು ಏಳು ಸಲ. 1980ರ ದಶಕದ ಕೊನೆಯ ವರ್ಷಗಳಲ್ಲಿ ವಿರೋಧ ಪಕ್ಷದ ನಾಯಕಿಯಾದರು. ಹಿಂದೆ ಎಲ್ಲರಿಗೂ ಮಾತಿನ ಸರದಿ ಕೊಡುತ್ತಿದ್ದವರು ಈಗ ಅದೇ ಸಭೆಯಲ್ಲಿ ಎದ್ದು ನಿಂತು ತಮ್ಮ ಸರದಿ ಕೇಳಬೇಕಾಯಿತು. ಕೇಳಿದರು.

1993ರಲ್ಲಿ ಅವರು ತೀರಿಕೊಂಡರು. ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ ಪೀಠದಲ್ಲಿ ಅವರ ನಂತರ ಇನ್ನೊಬ್ಬ ಮಹಿಳೆ ಇದುವರೆಗೂ ಕುಳಿತಿಲ್ಲ.